ಸಾರಂಗದ ಕೊಂಬು, ಸಳನ ಹುಲಿ: ವಂಶಾವಳಿ ಮತ್ತು ಲಾಂಛನಗಳ ಶೋಧ

ತಮ್ಮ ಪೂರ್ವಿಕರು ಯಾರು, ಎಲ್ಲಿಂದ ಬಂದವರು ಎಂಬ ಕುತೂಹಲ ಎಲ್ಲ ದೇಶದ ಜನರಲ್ಲೂ ಇದೆ. ಮನೆತನದ ಮೂಲ ಮತ್ತು ಲಾಂಛನಗಳನ್ನು ಶೋಧಿಸುವ ಕಾರ್ಯ ಸ್ಕಾಟ್ಲೆಂಡಿನಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ನಮ್ಮ ಸಿದ್ದರಬೆಟ್ಟದ ಸುತ್ತಣ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲೂ ಇಂತಹ ಸಾಮಗ್ರಿ ಹೇರಳವಾಗಿದೆ. ಈ ಎರಡು ಲೋಕಗಳನ್ನು ಬೆಸೆದವನು ಒಬ್ಬ ಸ್ಕಾಟಿಷ್ ಸರ್ವೇಕ್ಷಕ.

ಮೆಕೆಂಜಿ ಎಂಬ ಕೊಂಡಿ

ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೋವೇ ಊರಿನವನು. 1783ರಲ್ಲಿ ಮದರಾಸಿಗೆ ಬಂದನು. ಅವನು ಭಾರತದತ್ತ ಮುಖ ಮಾಡಿದ್ದರ ಹಿಂದೆಯೂ ಒಂದು ಮನೆತನದ ಇತಿಹಾಸವಿತ್ತು. ಲಾಗರಿದಂ ಗಣಿತವನ್ನು 1614ರಲ್ಲಿ ಪ್ರಕಟಿಸಿದ ಜಾನ್ ನೇಪಿಯರನ ವಂಶಸ್ಥನೊಬ್ಬನು ತನ್ನ ಪೂರ್ವಿಕನ ಜೀವನಚರಿತ್ರೆಯನ್ನು ಸಿದ್ಧಪಡಿಸುತ್ತಿದ್ದನು. ಅದಕ್ಕಾಗಿ ಹಿಂದೂ ಗಣಿತದ ಮಾಹಿತಿ ಕಲೆಹಾಕುವ ಕೆಲಸದಲ್ಲಿ ಮೆಕೆಂಜಿ ನೆರವಾಗಿದ್ದನು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯ ಸರ್ವೆ ಕಾರ್ಯವನ್ನು ಅವನಿಗೆ ವಹಿಸಲಾಯಿತು. ನೆಲವನ್ನು ಅಳೆಯುವುದರ ಜೊತೆಗೆ ಅವನು ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಸಹೋದರರೇ ಮೊದಲಾದವರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದನು. ಕೈಫಿಯತ್ತು ಎಂದರೆ ಸ್ಥಳೀಯರು ಹೇಳಿ ಬರೆಸಿದ ವಿವರ. ಪಾಳೆಯಗಾರರ ವಂಶಾವಳಿ, ಕೋಟೆ ಕಟ್ಟಿದ ಕಥೆ, ದೇವಸ್ಥಾನಗಳಿಗೆ ಬಿಟ್ಟ ಮಾನ್ಯ, ಇವೆಲ್ಲ ಅದರಲ್ಲಿ ಸೇರುತ್ತವೆ. 1815ರಲ್ಲಿ ಅವನು ಭಾರತದ ಪ್ರಥಮ ಸರ್ವೇಯರ್ ಜನರಲ್ ಆದನು, 1821ರಲ್ಲಿ ತೀರಿಕೊಂಡನು. ಆ ಸಂಗ್ರಹದ ಬಹುಭಾಗ ಚೆನ್ನೈನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಕರ್ನಾಟಕಕ್ಕೆ ಸಂಬಂಧಿಸಿದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿದೆ.

ಎರಡು ನಾಡು, ಒಂದೇ ಬಗೆಯ ಕಥೆ

ಮೆಕೆಂಜಿ ಕುಲದ ಲಾಂಛನ ನೀಲಿ ಫಲಕದ ಮೇಲಿನ ಚಿನ್ನದ ಬಣ್ಣದ ಸಾರಂಗದ ತಲೆ. ಇದಕ್ಕೊಂದು ಐತಿಹ್ಯವುಂಟು. 13ನೇ ಶತಮಾನದಲ್ಲಿ ದೊರೆ ಮೂರನೆಯ ಅಲೆಕ್ಸಾಂಡರನ ಮೇಲೆ ಸಾರಂಗವೊಂದು ಎರಗಿದಾಗ ಕಾಲಿನ್ ಫಿಟ್ಜ್‌ಜೆರಾಲ್ಡ್ ಎಂಬ ಐರಿಷ್ ವೀರನು ಅದನ್ನು ಕೊಂದು ದೊರೆಯನ್ನು ಕಾಪಾಡಿದನು, ಅವನೇ ಕುಲದ ಮೂಲಪುರುಷ ಎಂಬುದು ಆ ಕಥೆ. 1786ರಲ್ಲಿ ಕುಲದ ಮುಖ್ಯಸ್ಥನು ಬೆಂಜಮಿನ್ ವೆಸ್ಟ್ ಎಂಬ ಕಲಾವಿದನಿಂದ ಈ ಪ್ರಸಂಗದ ಬೃಹತ್ ಚಿತ್ರವನ್ನೇ ಬರೆಯಿಸಿದನು. ಆದರೆ ಇತಿಹಾಸಕಾರರು ಈ ಐರಿಷ್ ಮೂಲವನ್ನು ಒಪ್ಪುವುದಿಲ್ಲ. ಮೆಕೆಂಜಿಗಳು ಸ್ಥಳೀಯ ಗೇಲಿಕ್ ಕುಲದವರೆಂಬುದು ಅವರ ಅಭಿಪ್ರಾಯ.

ಕನ್ನಡಿಗರಿಗೆ ಈ ಕಥೆ ಹೊಸದೆನಿಸದು. ಸೊಸೆವೂರಿನಲ್ಲಿ ಜೈನ ಮುನಿಯ ಆಜ್ಞೆಯಂತೆ ಸಳನು ಹುಲಿಯನ್ನು ಹೊಯ್ದ ಕಥೆ ಹೊಯ್ಸಳ ಲಾಂಛನದ ಮೂಲವಾಗಿದೆ. ವಿಷ್ಣುವರ್ಧನನ ಕಾಲದ ಶಾಸನಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಅಧಿಕಾರ ಗಟ್ಟಿಯಾದ ಮೇಲೆ ಮೂಲಪುರುಷನ ಶೌರ್ಯದ ಕಥೆ ಹುಟ್ಟಿಕೊಳ್ಳುವುದು ಎಲ್ಲೆಡೆಯ ರೂಢಿ.

ಈ ಸೀಮೆಯ ವಂಶಾವಳಿಗಳು

ಶಿರಾ, ಪಾವಗಡಗಳಿಗೆ ಸಮೀಪದ, ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಹೇಮಾವತಿಯನ್ನು ಆಳಿದ ನೊಳಂಬರು ತಮ್ಮ ಕಂಬ ಶಾಸನದಲ್ಲಿ ತ್ರಿನಯನ ಪಲ್ಲವನಿಂದ ವಂಶವನ್ನು ಎಣಿಸಿಕೊಂಡಿದ್ದಾರೆ. ಪಾವಗಡ ತಾಲ್ಲೂಕಿನ ನಿಡಗಲ್ಲಿನ ಚೋಳರು ಕರಿಕಾಲ ಚೋಳನ ವಂಶಜರೆಂದು ಹೇಳಿಕೊಂಡು, ದೂರದ ತಮಿಳುನಾಡಿನ ಒರೆಯೂರಿನ ಒಡೆಯರೆಂಬ ಬಿರುದನ್ನೂ ಧರಿಸಿದ್ದರು. ಕೊರಟಗೆರೆ, ಹೊಳವನಹಳ್ಳಿಗಳ ನಾಡಪ್ರಭುಗಳು ಕಂಚಿಯ ಕಡೆಯಿಂದ ಆವತಿಗೆ ಬಂದು ನೆಲೆಸಿದ ಮೊರಸು ಒಕ್ಕಲು ಮುಖಂಡರ ಪರಂಪರೆಯವರೆಂಬುದು ಐತಿಹ್ಯ. ಮಧುಗಿರಿಯ ಕೋಟೆಯನ್ನು ರಾಜ ಹಿರೇಗೌಡನ ಮನೆತನದೊಂದಿಗೆ ಜೋಡಿಸಲಾಗುತ್ತದೆ. 1678ರಲ್ಲಿ ಅದು ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರಿನ ವಶವಾಯಿತು.

ಇವುಗಳಲ್ಲಿ ಶಾಸನದ ಬೆಂಬಲವುಳ್ಳ ತಲೆಮಾರುಗಳು ಒಂದು ಬಗೆ. ಅವುಗಳ ಹಿಂದಕ್ಕೆ ಪೋಣಿಸಿದ ಪೌರಾಣಿಕ ಹೆಸರುಗಳು ಇನ್ನೊಂದು ಬಗೆ. ಈ ಭೇದವನ್ನು ಅರಿಯುವುದೇ ವಂಶಶೋಧನೆಯ ಮೊದಲ ಪಾಠ.

ಲಾಂಛನ ಯಾರ ಸ್ವತ್ತು?

ಸ್ಕಾಟ್ಲೆಂಡಿನಲ್ಲಿ ಲಾಂಛನ ಇಡೀ ಮನೆತನದ ಸ್ವತ್ತಲ್ಲ. ವ್ಯಕ್ತಿಯೊಬ್ಬನಿಗೆ ಸಂದ ಹಕ್ಕು. ಅದು ಅವನ ಉತ್ತರಾಧಿಕಾರಿಗೆ ಸಲ್ಲುತ್ತದೆ. ಕಿರಿಯ ಮಕ್ಕಳು ಸಣ್ಣ ವ್ಯತ್ಯಾಸದೊಂದಿಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಎಡಿನ್‌ಬರೋದಲ್ಲಿರುವ ಲಾರ್ಡ್ ಲಯನ್ ನ್ಯಾಯಾಲಯ ಇದರ ಮೇಲ್ವಿಚಾರಣೆ ನಡೆಸುತ್ತದೆ. 1672ರ ಶಾಸನದಂತೆ ಏರ್ಪಟ್ಟ ಸಾರ್ವಜನಿಕ ದಾಖಲೆಪುಸ್ತಕ ಈಗಲೂ ಚಾಲ್ತಿಯಲ್ಲಿದೆ. ಅನಧಿಕೃತ ಬಳಕೆ ಅಲ್ಲಿ ಅಪರಾಧ. ಕುಲದ ಸಾಮಾನ್ಯ ಸದಸ್ಯರು ಮುಖ್ಯಸ್ಥನ ಚಿಹ್ನೆಯನ್ನು ಪಟ್ಟಿ ಮತ್ತು ಬಕಲ್ಲಿನ ವೃತ್ತದೊಳಗೆ ಇರಿಸಿ ಧರಿಸಬಹುದು, ಅಷ್ಟೇ. ಆದುದರಿಂದ ಅಡ್ಡಹೆಸರನ್ನು ಕೇಳಿ ಮನೆತನದ ಲಾಂಛನವೆಂದು ಚಿತ್ರ ಮಾರುವ ಅಂಗಡಿಗಳ ಸರಕಿಗೆ ಅಲ್ಲಿ ಕಾನೂನಿನ ಬೆಲೆಯಿಲ್ಲ.

ನಮ್ಮಲ್ಲಿ ಲಾಂಛನ ರಾಜಮುದ್ರೆಯಾಗಿತ್ತು. ಗಂಗರಿಗೆ ಆನೆ, ಚಾಲುಕ್ಯರಿಗೂ ವಿಜಯನಗರಕ್ಕೂ ವರಾಹ, ನೊಳಂಬರಿಗೆ ನಂದಿ. ಗಂಡಭೇರುಂಡದ ಪಯಣವಂತೂ ಕುತೂಹಲಕರ. ಬಳ್ಳಿಗಾವೆಯಲ್ಲಿ 1047ರಲ್ಲಿ ಸ್ಥಾಪಿತವಾದ ಕಂಬದ ಮೇಲಿದ್ದ ಆ ಪಕ್ಷಿ, ಅಚ್ಯುತದೇವರಾಯನ ನಾಣ್ಯಗಳಿಗೆ ಬಂದು, ಮೈಸೂರು ಒಡೆಯರ ಲಾಂಛನವಾಗಿ, ಇಂದು ಕರ್ನಾಟಕ ಸರಕಾರದ ಚಿಹ್ನೆಯಾಗಿದೆ. ಒಂದು ಅರಸುಮನೆಯ ಗುರುತು ಹೀಗೆ ಎಲ್ಲ ಪ್ರಜೆಗಳದಾಯಿತು.

ಸಾಮಾನ್ಯರ ಚರಿತ್ರೆ

ಅರಸರಿಗೆ ಶಾಸನಗಳಿದ್ದರೆ ಒಕ್ಕಲು ಮನೆತನಗಳಿಗೆ ಹೆಳವರಿದ್ದರು. ಎತ್ತಿನ ಮೇಲೆ ಕುಳಿತು ಊರೂರು ಸುತ್ತುವ ಹೆಳವರು ಮನೆಯ ಮುಂದೆ ನಿಂತು ಮೂಲಪುರುಷನಿಂದ ಮೊದಲುಗೊಂಡು ತಲೆಮಾರುಗಳನ್ನು ಹೊಗಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ದವಸ ಧಾನ್ಯಗಳ ಕಾಣಿಕೆ ಪಡೆದು ಮುಂದೆ ಸಾಗುತ್ತಾರೆ. ಮನೆತನ ಯಾವ ಊರನ್ನು ಬಿಟ್ಟು ಯಾವ ಊರಿಗೆ ಬಂತು ಎಂಬ ವಲಸೆಯ ವಿವರ ಇವರ ಬಳಿ ದೊರೆಯುವಷ್ಟು ಬೇರೆಡೆ ಸಿಗುವುದು ವಿರಳ. ನಗರಕ್ಕೆ ಹೋದ ಕುಟುಂಬಗಳನ್ನು ಹೆಳವರು ತಲುಪಲಾರರು. ಅವರ ಮಕ್ಕಳೂ ಅನ್ಯ ಉದ್ಯೋಗ ಹಿಡಿಯುತ್ತಿದ್ದಾರೆ.

ಶೋಧಕ್ಕೆ ತೊಡಗುವವರು ಮನೆಯ ಹಿರಿಯರಿಂದ ಆರಂಭಿಸುವುದು ಲೇಸು. ಮನೆದೇವರು, ಬೆಡಗು ಅಥವಾ ಗೋತ್ರ, ಹಳೆಯ ಊರಿನ ಹೆಸರು, ಇಷ್ಟು ತಿಳಿದರೆ ದಾರಿ ಸುಗಮ. ಬಳಿಕ ಕ್ರಯಪತ್ರ, ವಿಭಾಗಪತ್ರ, ಪಹಣಿ, ಹಳೆಯ ಸರ್ವೆ ದಾಖಲೆಗಳು, ಊರಿನ ವೀರಗಲ್ಲು ಮತ್ತು ಶಾಸನಗಳು, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು. ತುಮಕೂರು ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಅವರ 12ನೇ ಸಂಪುಟದಲ್ಲಿವೆ. ಸ್ಕಾಟ್ಲೆಂಡಿನಲ್ಲಿ ಜನನ, ಮರಣ, ವಿವಾಹಗಳ ನೋಂದಣಿ 1855ರಿಂದಲೇ ಕಡ್ಡಾಯ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ದಾಖಲೆಗಳಿವೆ. ಅಂತಹ ಅನುಕೂಲ ನಮಗಿಲ್ಲದ ಕಾರಣ ಒಂದೇ ಮೂಲವನ್ನು ನಂಬದೆ ಹಲವನ್ನು ತಾಳೆ ನೋಡಬೇಕಾಗುತ್ತದೆ.

ಬಿಟ್ಟುಹೋದ ಹೆಸರುಗಳು

ಸಾಂಪ್ರದಾಯಿಕ ವಂಶಾವಳಿಗಳು ಬಹುತೇಕ ಗಂಡು ಸಂತತಿಯನ್ನಷ್ಟೇ ಎಣಿಸುತ್ತವೆ. ಇದು ಬರಿಯ ಇತಿಹಾಸದ ಕೊರತೆಯಲ್ಲ. ಪೌತಿ ಖಾತೆಗೆ ಸಲ್ಲಿಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋದರೆ ಅವರು ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಇಂದು ಬರೆಯುವ ವಂಶವೃಕ್ಷದಲ್ಲಿ ಅಜ್ಜಿಯ ತವರಿನ ಹೆಸರೂ, ಮಗಳ ಹೆಸರೂ ಇರಲಿ. ಸಿಂಹ, ಸಾರಂಗಗಳ ಲಾಂಛನಕ್ಕಿಂತ ಮುಂದಿನ ತಲೆಮಾರಿಗೆ ಉಪಯೋಗಕ್ಕೆ ಬರುವುದು ಆ ಹೆಸರುಗಳೇ.