ಅನುಚಿತ ವರ್ತನೆ: ಪದ ಒಂದು, ಅಪರಾಧ ಹಲವು

'ಬಸ್ಸಿನಲ್ಲಿ ಯುವತಿಯೊಡನೆ ಅನುಚಿತ ವರ್ತನೆ, ಒಬ್ಬನ ಬಂಧನ.' ಇಂಥ ಶೀರ್ಷಿಕೆಗಳು ಕನ್ನಡ ಸುದ್ದಿ ಓದುಗರಿಗೆ ತೀರ ಪರಿಚಿತ. ಬಸ್ಸಿನಲ್ಲಿ ನಡೆದದ್ದಾದರೂ ಏನು ಎಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ.

ಸಂಸ್ಕೃತದ 'ಉಚಿತ' ಎಂದರೆ ತಕ್ಕುದು, ಯೋಗ್ಯವಾದುದು. ಅದರ ನಿಷೇಧ ರೂಪವೇ 'ಅನುಚಿತ'. ಇಂದಿನ ಕನ್ನಡದಲ್ಲಿ 'ಉಚಿತ'ಕ್ಕೆ ಬೆಲೆಯಿಲ್ಲದೆ ಸಿಗುವುದು ಎಂಬ ಅರ್ಥವೇ ಮುಂದಾಗಿದ್ದು, ಮೂಲಾರ್ಥವು 'ಸಮಯೋಚಿತ', 'ಔಚಿತ್ಯ' ಮುಂತಾದ ಪದಗಳಲ್ಲಿ ಉಳಿದುಕೊಂಡಿದೆ. 'ವರ್ತನೆ' ಎಂದರೆ ನಡವಳಿಕೆ. (ಹಳೆ ಮೈಸೂರು ಕಡೆ ಮನೆಗೆ ದಿನವೂ ತಪ್ಪದೆ ಬರುವ 'ವರ್ತನೆ ಹಾಲಿ'ನಲ್ಲಿ ಇರುವುದೂ ಇದೇ ಪದ.) ಒಟ್ಟಿನಲ್ಲಿ, ಸಂದರ್ಭಕ್ಕೆ ತಕ್ಕುದಲ್ಲದ ನಡವಳಿಕೆ, ಪದದ ತೂಕ ಇಷ್ಟೇ.

ಸಮೀಪದ ಪದಗಳಿಗೆ ತಮ್ಮದೇ ಆದ ನೆಲೆಗಳಿವೆ. 'ದುರ್ನಡತೆ' ನೌಕರರ ಶಿಸ್ತುಕ್ರಮದ ಕಡತಗಳಲ್ಲಿ ಕಾಣುವಂಥದ್ದು. 'ಉದ್ಧಟತನ' ಹಿರಿಯರ ಅಥವಾ ಅಧಿಕಾರಸ್ಥರ ಮುಂದೆ ತೋರುವ ಸೊಕ್ಕು. 'ಪುಂಡಾಟಿಕೆ' ಬೀದಿಯದು. 'ಅನುಚಿತ ವರ್ತನೆ'ಗೆ ಇಂಥ ಯಾವ ಎಲ್ಲೆಯೂ ಇಲ್ಲದಿರುವುದೇ ತೊಡಕು.

ಕಾನೂನು ಇಷ್ಟು ಸಡಿಲವಾಗಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮಿನ ಪ್ರಕಾರ, ಕುಡಿದ ಅಮಲಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ವರ್ತಿಸಿದವನಿಗೆ ಗರಿಷ್ಠ 24 ಗಂಟೆಗಳ ಸಾದಾ ಸಜೆ, 1,000 ರೂ.ವರೆಗಿನ ದಂಡ ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಮಹಿಳೆಯ ಮಾನಕ್ಕೆ ಧಕ್ಕೆ ತರುವ ಉದ್ದೇಶದಿಂದ ಹಲ್ಲೆ ಅಥವಾ ಬಲಪ್ರಯೋಗ ನಡೆಸಿದರೆ 74ನೇ ಕಲಮಿನಂತೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಸಜೆ ಹಾಗೂ ದಂಡ. ಲೈಂಗಿಕ ಕಿರುಕುಳಕ್ಕೆ 75ನೇ ಕಲಮು, ಹಿಂಬಾಲಿಸಿ ಕಾಡುವುದಕ್ಕೆ 78ನೇ ಕಲಮು ಪ್ರತ್ಯೇಕವಾಗಿವೆ. ಸುದ್ದಿಯ ಭಾಷೆಯಲ್ಲಿ ಮಾತ್ರ ಕುಡುಕನ ಕೂಗಾಟವೂ ಮೈಮೇಲೆ ಕೈಹಾಕುವುದೂ ಒಂದೇ ಪದದಡಿ ಬರುತ್ತವೆ.

ಸಂತ್ರಸ್ತೆಯ ಮರ್ಯಾದೆ ಕಾಯುವ ಸದುದ್ದೇಶ ಈ ಬಳಕೆಯ ಹಿಂದೆ ಇರಬಹುದು. ಆದರೆ ಆಕೆಯ ಹೆಸರನ್ನು ಮರೆಯಲ್ಲಿಡಲು ಆರೋಪಿಯ ಕೃತ್ಯವನ್ನೂ ಮರೆಮಾಚಬೇಕಾಗಿಲ್ಲ.

ದೂರು ಬರೆಯುವಾಗಲಂತೂ ಈ ಪದವೊಂದನ್ನೇ ನಂಬುವಂತಿಲ್ಲ. 'ಅನುಚಿತವಾಗಿ ವರ್ತಿಸಿದ' ಎಂದಷ್ಟೇ ಬರೆದರೆ ಯಾವ ಕಲಮು ಅನ್ವಯಿಸುತ್ತದೆ ಎಂಬುದು ಸ್ಪಷ್ಟವಾಗದು. ಮುಟ್ಟಿದನೇ, ಏನೆಂದು ನುಡಿದ, ಎಲ್ಲಿಯವರೆಗೆ ಹಿಂಬಾಲಿಸಿದ ಎಂಬ ವಿವರ ಇರಬೇಕು. ಕೆಲಸದ ಸ್ಥಳದಲ್ಲಿ ನಡೆದ ಲೈಂಗಿಕ ಕಿರುಕುಳವಾದರೆ, 2013ರ ಕಾಯ್ದೆಯಂತೆ ಘಟನೆ ನಡೆದ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಲಿಖಿತ ದೂರು ಸಲ್ಲಿಸಬೇಕು. ಸಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು.