ಮಾರ್ಜೊರಿ ಕಲಿತ ಕೇಶವಿದ್ಯೆ

ಬ್ಯೂಟಿಪಾರ್ಲರಿನ ವಿದ್ಯೆ ಎಂದರೆ ನಮ್ಮ ಓದುಬರಹದ ಮಂದಿ ಮೂಗು ಮುರಿಯುತ್ತಾರೆ. ಕ್ಷೌರದ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಸಮಾಜದಲ್ಲಿ ಇದೇನೂ ಆಶ್ಚರ್ಯವಲ್ಲ. ಆದರೆ ಶಾಲೆಯ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂದು ಅಮೆರಿಕದ ಚರಿತ್ರೆಯಲ್ಲಿ ಹುಡುಕುವಾಗ ಕೇಶಾಲಂಕಾರದ ಶಾಲೆಗಳನ್ನು ನಾವು ದಾಟಿ ಹೋಗುವಂತಿಲ್ಲ.

1916ರಲ್ಲಿ ಶಿಕಾಗೋದ ಎ.ಬಿ. ಮೋಲರ್ ಬ್ಯೂಟಿ ಸ್ಕೂಲಿನಿಂದ ಮಾರ್ಜೊರಿ ಸ್ಟೀವರ್ಟ್ ಜಾಯ್ನರ್ ಎಂಬ ಯುವತಿ ತೇರ್ಗಡೆಯಾಗಿ ಹೊರಬಂದರು. ಅಲ್ಲಿ ಕಲಿತು ಮುಗಿಸಿದ ಮೊದಲ ಕಪ್ಪು ಮಹಿಳೆ ಅವರು. ಅದೇ ವರ್ಷ ಸ್ವಂತ ಅಂಗಡಿಯನ್ನೂ ತೆರೆದರು. ಅತ್ತೆಯ ತಲೆಗೂದಲಿಗೆ ಕೈ ಹಾಕಿದಾಗ ಗುಟ್ಟು ಬಯಲಾಯಿತು. ಶಾಲೆ ಕಲಿಸಿದ್ದು ಬಿಳಿಯರ ಕೂದಲಿನ ಕೆಲಸ! ವಿದ್ಯಾರ್ಥಿನಿಯನ್ನು ಸೇರಿಸಿಕೊಂಡವರು ಅವಳ ಗುಂಗುರು ಕೂದಲನ್ನು ಪಾಠಕ್ಕೆ ಸೇರಿಸಿರಲಿಲ್ಲ. ಅತ್ತೆ ಬೈದು ಕೂರಲಿಲ್ಲ. ತಾನೇ ಹಣ ಕೊಟ್ಟು ಸೊಸೆಯನ್ನು ಮೇಡಮ್ ಸಿ.ಜೆ. ವಾಕರ್ ಅವರ ತರಗತಿಗೆ ಕಳಿಸಿದರು. ಇಂಥ ಅತ್ತೆಯರು ನಮ್ಮ ಕತೆಗಳಲ್ಲಿ ಸಿಗುವುದು ಕಡಿಮೆ.

ಬಟ್ಟೆ ಒಗೆದು ಬದುಕಿದ್ದ ವಾಕರ್ 1908ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಮಗಳ ಹೆಸರಿನ ಲೀಲಿಯಾ ಕಾಲೇಜು ಆರಂಭಿಸಿದ್ದರು. 1918ರಲ್ಲಿ ಸೇಂಟ್ ಲೂಯಿಸಿನಲ್ಲಿ ಆನಿ ಮಲೋನ್ ಅವರ ಪೋರೋ ಕಾಲೇಜು ಎದ್ದು ನಿಂತಿತು. ಬಿಳಿಯರ ಮನೆಗಳಲ್ಲಿ ಕಸಮುಸುರೆ ಮಾಡುತ್ತಿದ್ದ ಹೆಂಗಸರಿಗೆ ಈ ಶಾಲೆಗಳು ಬೇರೊಂದು ದಾರಿ ತೋರಿಸಿದವು. ಗಿರಾಕಿಗಳೂ ಕಪ್ಪು ಮಹಿಳೆಯರೇ ಆದ್ದರಿಂದ ಬಿಳಿಯ ಧಣಿ ಕೆಲಸ ಕಿತ್ತುಕೊಳ್ಳುವ ಭಯವಿರಲಿಲ್ಲ. ಹೊಟ್ಟೆಯ ಭಯ ಹೋದಲ್ಲಿ ಬಾಯಿ ತೆರೆಯುತ್ತದೆ. 1917ರ ಫಿಲಡೆಲ್ಫಿಯಾ ಸಮಾವೇಶದಿಂದ ವಾಕರ್ ಅವರ ಕೇಶಕರ್ಮಿಗಳು ಗುಂಪುಹತ್ಯೆ ತಡೆಯುವಂತೆ ಅಧ್ಯಕ್ಷ ವಿಲ್ಸನ್ನರಿಗೇ ಬರೆದರು. 1957ರಲ್ಲಿ ಜಾನ್ಸ್ ದ್ವೀಪದಲ್ಲಿ ಮತದಾರರ ಅಕ್ಷರ ಪರೀಕ್ಷೆಗಾಗಿ ವಯಸ್ಕರಿಗೆ ಓದು ಕಲಿಸಿದ ಬರ್ನಿಸ್ ರಾಬಿನ್ಸನ್ ಕೂಡ ಬ್ಯೂಟಿಷಿಯನ್ನರೇ.

ಜಾಯ್ನರ್ ಮುಂದೆ ವಾಕರ್ ಶಾಲೆಗಳ ಮೇಲ್ವಿಚಾರಕಿಯಾದರು. 1928ರಲ್ಲಿ ಕೂದಲಿಗೆ ಅಲೆ ಮೂಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಲಾಭ ಮಾತ್ರ ಕಂಪನಿಗೆ ಹೋಯಿತು. ಬಿಳಿಯರ ಶಾಲೆಗಳು ಆಗಲೂ ಬಾಗಿಲು ಹಾಕಿಕೊಂಡಿದ್ದರಿಂದ 1954ರಲ್ಲಿ 195 ಮಂದಿಯನ್ನು ಕಟ್ಟಿಕೊಂಡು ಹೆಚ್ಚಿನ ಕಲಿಕೆಗೆ ಪ್ಯಾರಿಸ್ಸಿಗೇ ಹೊರಟರು. 1973ರಲ್ಲಿ, 77ರ ಹರೆಯದಲ್ಲಿ, ಪದವಿಯನ್ನೂ ಪಡೆದರು.

ಎಲ್ಲ ಬಗೆಯ ಕೂದಲಿನ ಆರೈಕೆಯನ್ನೂ ಕೇಶಾಲಂಕಾರದ ವಿದ್ಯಾರ್ಥಿಗಳಿಗೆ ಕಲಿಸಲೇಬೇಕೆಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿದ್ದು 2023ರಲ್ಲಿ. ಮಾರ್ಜೊರಿ ಮೋಲರ್ ಶಾಲೆ ಬಿಟ್ಟು ಆಗ 107 ವರ್ಷಗಳಾಗಿದ್ದವು.