ಸುರೇಬಾನದ ಹಾದಿ: ಮೇಣೆಯಿಂದ ಬೈಕಿನ ತನಕ

ಈ ಸಂಚಿಕೆಯನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೈಕ್ ಓಡಿಸ್ತಾ ಕೇಳ್ತಿದ್ದರೆ, ಮೊದಲು ಗಾಡಿ ಬದಿಗೆ ಹಚ್ಚಿ. ತಮಾಷೆಗೆ ಹೇಳ್ತಿಲ್ಲ. ಇವತ್ತಿನ ವಿಷಯವೇ ಅದು.

ನಮ್ಮೂರು ಸುರೇಬಾನ. ಬೆಳಗಾವಿ ಜಿಲ್ಲೆ, ರಾಮದುರ್ಗ ತಾಲೂಕು. ನಮ್ಮ ತಾಲೂಕಿಗೆ ಇವತ್ತಿಗೂ ರೈಲು ಬಂದಿಲ್ಲ. ಹೆರಿಗೆಗೆ, ಕಾಲೇಜಿಗೆ, ಸಂತೆಗೆ, ಹೆಣ ತರೋದಕ್ಕೆ, ಎಲ್ಲದಕ್ಕೂ ರಸ್ತೆಯೇ ಗತಿ. ಒಂದು ಕಡೆ ಮಲಪ್ರಭೆಯ ಎರಿ ಹೊಲಗಳು, ಇನ್ನೊಂದು ಕಡೆ ಶಬರಿ ಕೊಳ್ಳದ ಗುಡ್ಡ. ಒಂದೇ ಪ್ರಯಾಣದಲ್ಲಿ ಡಾಂಬರು, ಗರಸು, ಎರಿ ಮಣ್ಣು ಮೂರೂ ಸಿಗ್ತವೆ. ಮೂರಕ್ಕೂ ಮೂರು ತರದ ಬುದ್ಧಿ ಬೇಕು. ನನಗೆ ಅದು ಗೊತ್ತಾಗಿದ್ದು ಬಿದ್ದ ಮೇಲೆ. ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ನೂರೈವತ್ತು ವರ್ಷಕ್ಕಿಂತ ಹಿಂದೆ ಇದೇ ಹಾದಿಯಲ್ಲಿ ಹೊರಟ ಇನ್ನೊಬ್ಬನ ಕಥೆ ಕೇಳಿ.

1858ರ ಮೇ ತಿಂಗಳು. ಹಿಂದಿನ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸೋದಿಲ್ಲ ಅಂತ ಎದ್ದು ನಿಂತು ಜೀವ ಕೊಟ್ಟಿದ್ದರು. ನರಗುಂದದ ಅರಸ ಭಾಸ್ಕರರಾವ್ ಭಾವೆ, ನಮ್ಮ ಜನರ ಬಾಯಲ್ಲಿ ಬಾಬಾಸಾಹೇಬ, ದತ್ತು ಮಗನನ್ನ ತಗೊಳ್ಳೋಕೆ ಕಂಪನಿ ಸರ್ಕಾರ ಒಪ್ಪಿರಲಿಲ್ಲ. ಆತನೂ ಎದ್ದ. ಅವನನ್ನ ತಡೀಬೇಕು ಅಂತ ಹೊರಟವನು ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್. ರಾಮದುರ್ಗಕ್ಕೆ ಬಂದ. ರಾಮದುರ್ಗದ ಅರಸ ಬಾಬಾಸಾಹೇಬನ ಸಂಬಂಧಿ. ಮುಂದೆ ಹೋಗೋದು ಒಳ್ಳೇದಲ್ಲ ಅಂತ ಆತ ಎಚ್ಚರಿಸಿದ. ಮ್ಯಾನ್ಸನ್ ಹೊರಟೇಬಿಟ್ಟ. ಜೊತೆಗಿದ್ದದ್ದು ಹತ್ತು-ಹನ್ನೆರಡು ಸವಾರರು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ, ಮೇಣೆಯಲ್ಲೇ ಮಲಗಿದ. ನರಗುಂದದ ದಂಡು ಆ ರಾತ್ರಿಯೇ ಬಂತು. ಮ್ಯಾನ್ಸನ್ ಸತ್ತ. ಅವನ ತಲೆಯನ್ನ ನರಗುಂದದ ಅಗಸಿಗೆ ಕಟ್ಟಿದರು. ಎರಡೇ ದಿನದಲ್ಲಿ ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದಕ್ಕೆ ಬಂತು, ಕೋಟೆ ಬಿತ್ತು. ಬಾಬಾಸಾಹೇಬನನ್ನ ಹಿಡಿದು ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇದು ನಮಗೆ ಗೊತ್ತಿರೋದು ಬಂಡಾಯದ ಕಥೆಯಾಗಿ. ಹಾಗೇ ಇರಲಿ, ಬಾಬಾಸಾಹೇಬ ನಮ್ಮ ಕಡೆಯ ಹೆಮ್ಮೆ. ಅದನ್ನ ಅಪಘಾತದ ಕಥೆ ಮಾಡೋಕೆ ನಾನು ಹೊರಟಿಲ್ಲ. ಆದರೆ ಒಂದು ಸಲ ಹಾದಿಯ ಕಡೆಯಿಂದ ನೋಡಿ. ಮೇಣೆ ಅಂದ್ರೆ ಭೋಯಿಗಳು ಹೆಗಲ ಮೇಲೆ ಹೊರೋದು. ತಾಸಿಗೆ ಐದಾರು ಕಿಲೋಮೀಟರ್ ಹೋದರೆ ಅದೇ ದೊಡ್ಡ ವೇಗ. ಒಳಗೆ ಮಲಗಿದವನಿಗೆ ಹಾದಿ ಕಾಣೋದೇ ಇಲ್ಲ. ಕಲ್ಲು ಎಲ್ಲಿದೆ, ಹಳ್ಳ ಎಲ್ಲಿದೆ ಅನ್ನೋದು ಹೊತ್ತವರಿಗೆ ಗೊತ್ತು, ಕೂತವನಿಗೆ ಗೊತ್ತಿಲ್ಲ. ಇವತ್ತು ಮ್ಯಾಪ್ ತೋರಿಸಿದ ಕಡೆ ಕಣ್ಣುಮುಚ್ಚಿ ಗಾಡಿ ತಿರುಗಿಸೋ ನಮ್ಮ ಹುಡುಗರನ್ನ ನೋಡಿದಾಗೆಲ್ಲ ನನಗೆ ಆ ಮೇಣೆ ನೆನಪಾಗುತ್ತೆ. ಹಾದಿ ಗೊತ್ತಿದ್ದವನು ಬೇಡ ಅಂದ. ಅವಸರದಲ್ಲಿದ್ದವನು ಹೊರಟ. ದಣಿದು, ಗುರುತಿಲ್ಲದ ಕಡೆ, ರಾತ್ರಿಯಲ್ಲಿ ಸಿಕ್ಕಿಬಿದ್ದ.

ಇನ್ನೊಂದು ವಿಷಯ ನನ್ನ ತಲೆಯಲ್ಲಿ ಕೊರೀತಾ ಇರುತ್ತೆ. ತಾರೀಖು ಗಮನಿಸಿ: ಮೇ ಕೊನೆ, ಜೂನ್ ಮೊದಲು. ಮುಂಗಾರು ಇನ್ನೂ ಹಿಡಿದಿರೋದಿಲ್ಲ, ಎರಿ ಭೂಮಿ ಬಿರುಕು ಬಿಟ್ಟು ಕಲ್ಲಿನಂಗೆ ಗಟ್ಟಿ ಇರುತ್ತೆ. ಕುದುರೆ ಓಡ್ತವೆ, ತೋಪು ಉರುಳ್ತವೆ. ಹದಿನೈದು ದಿನ ಮೊದಲೇ ಮಳೆ ಹಿಡಿದಿದ್ದರೆ ಮಾಲ್ಕಮ್‌ನ ಕುದುರೆಗಳು ಮೊಣಕಾಲುಮಟ ಹೂತುಕೊಂಡು ಯಾವುದಾದರೂ ಹೊಲದಲ್ಲಿ ನಿಂತಿರ್ತಿದ್ದವು ಅಂತ ನನ್ನ ಊಹೆ. ಇತಿಹಾಸ ಬದಲಾಗ್ತಿತ್ತು ಅಂತ ಹೇಳೋಷ್ಟು ಧೈರ್ಯ ಇಲ್ಲ. ಆದರೆ ಎರಿ ಮಣ್ಣಲ್ಲಿ ಜೂನ್ ತಿಂಗಳು ಗಾಡಿ ಸಿಕ್ಕಿಸಿಕೊಂಡವರು ನನ್ನ ಮಾತಿಗೆ ನಗಲಾರರು.

ಯಾಕಂದ್ರೆ ಈ ಮಣ್ಣಿನ ಗುಣವೇ ಹಂಗೆ. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತೆ. ಅದರ ಮೇಲೆ ಹಾಕಿದ ಡಾಂಬರು ಅಲೆಅಲೆಯಾಗಿ ಏಳೋದು, ಅಂಚು ಒಡೆಯೋದು ಅದಕ್ಕೇ. ಪ್ರತಿಸಲವೂ ಗುತ್ತಿಗೆದಾರನದೇ ತಪ್ಪಲ್ಲ (ಎಷ್ಟೋ ಸಲ ಹೌದು, ಆ ಮಾತು ಬೇರೆ). ಸಣ್ಣ ಮಳೆ ಬಂದ ಮೊದಲ ಹತ್ತು ನಿಮಿಷ ಎಲ್ಲಕ್ಕಿಂತ ಕೆಟ್ಟದ್ದು. ಹೊಲದಿಂದ ಟ್ರ್ಯಾಕ್ಟರ್ ತಂದು ರಸ್ತೆಗೆ ಬಳಿದ ಎರಿ ಸಾಬೂನಿನಂಗೆ ಜಾರುತ್ತೆ. ಬೈಕಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಚಕ್ರ ತಿರುಗೋದೇ ನಿಂತುಬಿಡುತ್ತೆ.

ಹಳಬರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಸರಳ: ಹೋಗದೇ ಇರೋದು. ಮಳೆಗಾಲದಲ್ಲಿ ಚಕ್ಕಡಿ ಹೂಡ್ತಿರಲಿಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ. ಹಾದಿ ಒಣಗಿರೋ ಕಾಲ, ಆಕಾಶದಲ್ಲಿ ಬೆಳದಿಂಗಳು. ದೇವಿಗೆ ಆ ದಿನ ಯಾಕೆ ಅನ್ನೋದನ್ನ ಭಕ್ತರು ಹೇಳ್ತಾರೆ. ಗಾಡಿ ಹೊಡೆಯೋನಿಗೆ ಅದು ಎಷ್ಟು ಅನುಕೂಲ ಅನ್ನೋದನ್ನ ನಮ್ಮ ಅಜ್ಜ ಹೇಳ್ತಿದ್ದ. ಹತ್ತು-ಹದಿನೈದು ಚಕ್ಕಡಿ ಒಟ್ಟಿಗೆ ಹೋಗೋದು, ಮುಂದಿನ ಗಾಡಿಗೆ ಹಾದಿ ಗೊತ್ತಿದ್ದ ಮುದುಕ. ಪ್ರತಿ ಗಾಡಿಯ ಅಡಿಗೆ, ಅಚ್ಚಿನ ಹತ್ತಿರ, ಒಂದು ಕಂದೀಲು ತೂಗ್ತಿತ್ತು. ಹಿಂದಿನವನಿಗೆ ಅದು ಕಾಣಬೇಕು.

ಆ ಕಂದೀಲು ನೆನಪಿಟ್ಟುಕೊಳ್ಳಿ.

ಖಡಿ ಒಡೆದು ಹಾಕಿದ ರಸ್ತೆಗಳು ಈ ಸೀಮೆಗೆ ಬಂದದ್ದು ನಿಧಾನಕ್ಕೆ. ಹತ್ತಿಯನ್ನ ಬಂದರಿಗೆ ಸಾಗಿಸೋದು ಒಂದು ಕಾರಣ. ಬರ ಇನ್ನೊಂದು. 1876-78ರ ಧಾತು-ಈಶ್ವರ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಹಸಿದ ಜನರಿಗೆ ಸರ್ಕಾರ ಕೊಟ್ಟ ಕೆಲಸಗಳಲ್ಲಿ ಕಲ್ಲು ಒಡೆಯೋದು, ರಸ್ತೆ ಹಾಕೋದೂ ಸೇರಿತ್ತು. ಅನ್ನಕ್ಕಾಗಿ ಒಡೆದ ಖಡಿ ಅದು. ರಾಮದುರ್ಗ ಆಗ ಬೇರೆ ಸಂಸ್ಥಾನ, ನರಗುಂದ ಬ್ರಿಟಿಷರದು, ಸವದತ್ತಿ ಕಡೆಯೂ ಬ್ರಿಟಿಷರದು. ಒಂದೇ ಹಾದಿ ಎರಡು-ಮೂರು ಸಲ ಯಜಮಾನರನ್ನ ಬದಲಿಸ್ತಿತ್ತು. 1948ರಲ್ಲಿ ರಾಮದುರ್ಗ ಮುಂಬೈ ಪ್ರಾಂತಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 2000ನೇ ಇಸವಿ ಡಿಸೆಂಬರಿನಲ್ಲಿ ಗ್ರಾಮ ಸಡಕ್ ಯೋಜನೆ ಶುರುವಾದ ಮೇಲೆ ಹಳ್ಳಿ ಹಳ್ಳಿಗೆ ಡಾಂಬರು ಹೊಕ್ಕಿತು. ಹಾದಿ ನುಣುಪಾಯಿತು, ವೇಗ ಬಂತು. ಹಾದಿಯ ಬುದ್ಧಿ ಮಾತ್ರ ಯೋಜನೆಯಲ್ಲಿ ಬರಲಿಲ್ಲ.

ಈಗ ನಾನು ಬಿದ್ದ ಕಥೆ. ಶಬರಿ ಕೊಳ್ಳದಿಂದ ಸಂಜೆ ವಾಪಸ್ ಬರ್ತಿದ್ದೆ, ಹಿಂದೆ ಗೆಳೆಯ. ಇಳಿಜಾರು, ತಿರುವು, ತಿರುವಿನ ನಡುವೆ ಡಾಂಬರು ಮುಗಿದು ಗರಸು. ಗರಸು ಕಂಡ ಕೂಡಲೇ ಮುಂದಿನ ಬ್ರೇಕ್ ಹಿಡಿದೆ. ಅಷ್ಟೇ. ಮೊಣಕೈ ಚರ್ಮ ಹೋಯಿತು, ಗೆಳೆಯನ ಹಲ್ಲು ಹೋಯಿತು.

ನಮ್ಮ ಕಾಕಾ ಸಾರಿಗೆ ಬಸ್ಸಿನ ಡ್ರೈವರ್ ಆಗಿದ್ದವರು. ನೋಡೋಕೆ ಬಂದು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. "ಬ್ರೇಕ್ ಎಲ್ಲಿ ಹಿಡದಿ?" ಅಂದರು. "ತಿರುವಿನಾಗ, ಕಾಕಾ." "ತಪ್ಪಾತಲ್ಲ. ತಿರುವು ಬರೂಕಿಂತ ಮೊದಲ ಹಿಡೀಬೇಕು ತಮ್ಮಾ. ತಿರುವಿನಾಗ ಗಾಡಿ ಬರೇ ಉರಳಬೇಕು."

ಆವತ್ತು ಅವರು ಹಾಸಿಗೆ ಪಕ್ಕ ಕೂತು ಹೇಳಿದ್ದು ನನಗೆ ಯಾವ ಲೈಸೆನ್ಸ್ ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ. ಗರಸಿನ ಮೇಲೆ ಬ್ರೇಕು, ಆಕ್ಸಿಲರೇಟರು, ಹ್ಯಾಂಡಲ್ಲು ಯಾವುದನ್ನೂ ಒಮ್ಮೆಗೇ ಜಗ್ಗಬಾರದು. ಇಳಿಯೋವಾಗ ಹತ್ತೋ ಗೇರಿನಲ್ಲೇ ಇಳೀಬೇಕು, ಎಂಜಿನ್ನೇ ಗಾಡಿಯನ್ನ ಹಿಡಿಯುತ್ತೆ, ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸ್ತೀನಿ ಅನ್ನೋನು ಬ್ರೇಕ್ ಸುಡ್ತಾನೆ. ಕಾಣದ ತಿರುವಿಗೆ ಹಾರ್ನ್ ಹೊಡೆದು ಎಡಕ್ಕೆ ಅಂಟಿಕೊಂಡು ಹೋಗಬೇಕು. ಎದುರಿಗೆ ಗಾಡಿ ಬಂದು ಜಾಗ ಸಾಲದಿದ್ದರೆ ಇಳಿಯೋನು ನಿಂತು ಹತ್ತೋನಿಗೆ ದಾರಿ ಬಿಡಬೇಕು. ಇದು ಬರೀ ಮರ್ಯಾದೆ ಅಲ್ಲ, 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು. ಮುಂದಿನ ಲಾರಿ ಧೂಳೆಬ್ಬಿಸಿದರೆ ಓವರ್‌ಟೇಕ್ ಮಾಡೋದಲ್ಲ, ಧೂಳು ಇಳಿಯೋವರೆಗೆ ಹಿಂದೆ ಸರಿಯೋದು. ಹಳ್ಳದ ಸೇತುವೆ ಮೇಲೆ ನೀರು ಹರೀತಿದ್ದರೆ, "ಎಮ್ಮಿ ದಾಟತೈತಿ ಅಂತ ನೀ ದಾಟಬ್ಯಾಡ," ಅಂದರು. ಎಮ್ಮೆಗೆ ನಾಲ್ಕು ಕಾಲಿವೆ, ಈಜೋಕೂ ಬರುತ್ತೆ. ಮೊಣಕಾಲುಮಟ ಹರಿಯೋ ನೀರು ಕಾರನ್ನೇ ತಳ್ಳಿಬಿಡಬಲ್ಲದು, ಕೆಳಗೆ ಸೇತುವೆ ಉಳಿದಿದೆಯೋ ಇಲ್ಲವೋ ಅದೂ ಕಾಣೋದಿಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ನೀರು ಬಿಟ್ಟು ರಾಮದುರ್ಗದೊಳಗೇ ಮಲಪ್ರಭೆ ಹೊಕ್ಕಿದ್ದನ್ನ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಹೇಳಿಕೊಟ್ಟ ಕಾಕಾನ ಮಗ ತೀರಿಕೊಂಡದ್ದು ತಿರುವಿನಲ್ಲಲ್ಲ, ಗರಸಿನಲ್ಲೂ ಅಲ್ಲ. ನುಣುಪಾದ, ನೇರವಾದ ಡಾಂಬರು ರಸ್ತೆಯಲ್ಲಿ. ಕಬ್ಬಿನ ಹಂಗಾಮು, ರಾತ್ರಿ ಹನ್ನೊಂದರ ಹೊತ್ತು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಪಂಕ್ಚರ್ ಆಗಿ ಅರ್ಧ ರಸ್ತೆಯಲ್ಲಿ ನಿಂತಿತ್ತು. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬಿನ ಗರಿ ಎಲ್ಲವನ್ನೂ ಮುಚ್ಚಿತ್ತು. ಇವನ ವೇಗವೂ ಹೆಚ್ಚಿತ್ತು, ಅದನ್ನ ಮುಚ್ಚಿಡೋದಿಲ್ಲ. ಹೆಲ್ಮೆಟ್ ಮನೆಯ ಗೂಟಕ್ಕೆ ತೂಗುಬಿದ್ದಿತ್ತು. ಅವನಿಗೆ ಇಪ್ಪತ್ತಮೂರು ವರ್ಷ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಕೇಂದ್ರ ಸರ್ಕಾರದ ಲೆಕ್ಕ ಇದು. ಅದೇ ವರದಿಯ ಪ್ರಕಾರ ಮೂರರಲ್ಲಿ ಎರಡರಷ್ಟು ಅಪಘಾತ ಆದದ್ದು ನೇರ ರಸ್ತೆಗಳಲ್ಲಿ. ನೇರ ರಸ್ತೆಗಳೇ ಹೆಚ್ಚಿವೆ, ಅದೂ ಒಂದು ಕಾರಣ. ಆದರೆ ತಿರುವು ನಮ್ಮನ್ನ ಹೆದರಿಸುತ್ತೆ, ಹೆದರಿದವನು ನಿಧಾನ ಮಾಡ್ತಾನೆ. ಗುಡ್ಡ ಇಳಿದು ಡಾಂಬರು ಸಿಕ್ಕ ಕೂಡಲೇ ಕಳೆದ ಹೊತ್ತನ್ನೆಲ್ಲ ಅಲ್ಲೇ ವಸೂಲಿ ಮಾಡ್ತೀವಲ್ಲ, ನನಗೆ ಈಗ ಭಯ ಆಗೋದು ಆ ಜಾಗದಲ್ಲಿ.

ಮಗ ಹೋದ ಮೇಲೆ ಕಾಕಾ ಒಂದು ಕೆಲಸ ಶುರು ಮಾಡಿದ್ದಾರೆ. ಹಂಗಾಮಿನಲ್ಲಿ ಸಂಜೆ ರಸ್ತೆ ಬದಿ ಕುರ್ಚಿ ಹಾಕಿಕೊಂಡು ಕೂರ್ತಾರೆ, ಕೈಯಲ್ಲಿ ಕೆಂಪು ರಿಫ್ಲೆಕ್ಟರ್ ಪಟ್ಟಿಯ ಸುರುಳಿ. ಕಬ್ಬಿನ ಗಾಡಿ ಬಂದರೆ ಕೈ ಮಾಡಿ ನಿಲ್ಲಿಸ್ತಾರೆ. ಹಿಂದಿನ ಟ್ರೇಲರಿಗೆ ತಾವೇ ಅಂಟಿಸಿ, ಮೇಲೆ ಬಿದ್ದ ಗರಿ ಸರಿಸ್ತಾರೆ. ಕೆಲವರು ಬೈತಾರೆ, ಕೆಲವರು ಚಹಾ ಕುಡಿಸ್ತಾರೆ. ಒಬ್ಬ ಡ್ರೈವರ್ ಹುಡುಗ ಇದ್ಯಾಕ್ರೀ ಯಜಮಾನ್ರ ಅಂತ ಕೇಳಿದನಂತೆ. "ಕಂದೀಲ ಕಟ್ಟಾಕತ್ತೀನಪಾ," ಅಂದರಂತೆ ಕಾಕಾ.

ಇವತ್ತು ರೆಕಾರ್ಡಿಂಗ್ ಮುಗಿಸಿ ನಾನು ಹುಬ್ಬಳ್ಳಿಯಿಂದ ಊರಿಗೆ ಹೊರಡೋದಿತ್ತು. ಗಡಿಯಾರ ನೋಡಿದರೆ ಆಗಲೇ ಏಳೂವರೆ, ಹೊರಗೆ ಮೋಡ. ಕಾಕಾಗೆ ಫೋನ್ ಹಚ್ಚಿ, "ನಾಳೆ ಮುಂಜಾನೆ ಬರ್ತೀನ್ರಿ," ಅಂದೆ.

"ಚಲೋ ಆತು," ಅಂದರು. "ಬೆಳಕ ಹರದ ಮ್ಯಾಲೆ ಬಿಡು. ರೊಟ್ಟಿ ಮಾಡಿಸಿರ್ತೀನಿ."